ಬೇರುಗಂಟು ಹುಳುವಿನ ಹೆಬ್ಬೆಟ್ಟು

ನಮ್ಮ ಕಾಲೇಜಿನ ಹಿಂದಿನ ಗೇಟಿನಿಂದ ಹೊಸಕೋಟೆ ಕಡೆಗೆ ಹತ್ತು ನಿಮಿಷ ನಡೆದರೆ ಒಂದು ಟೊಮೆಟೊ ತೋಟ ಸಿಗುತ್ತದೆ. ಒಂದು ಪಕ್ಕ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕ ಗೋಡೌನು, ನಡುವೆ ಒಂದೂವರೆ ಎಕರೆ. ನಾವು ಬೈಟು ಕಾಫಿ ಕುಡಿಯುವ ಅಂಗಡಿ ಅದರ ಬದುವಿಗೇ ಅಂಟಿಕೊಂಡಿರುವುದರಿಂದ ತೋಟದ ಅಣ್ಣ ನಮಗೆಲ್ಲ ಪರಿಚಯ. ಹೋದ ಸೆಮಿಸ್ಟರಿನ ಒಂದು ಮಧ್ಯಾಹ್ನ ಅವರು ಬೇರು ಸಮೇತ ಕಿತ್ತ ಗಿಡವೊಂದನ್ನು ಹಿಡಿದುಕೊಂಡು ಅಂಗಡಿಗೆ ಬಂದರು.

“ಏನ್ರಪ್ಪಾ, ಇಂಜಿನಿಯರ್‌ಗಳು ನೀವು, ಇದನ್ನ ಒಸಿ ನೋಡಿ. ಬಿಸಿಲೇರಿದ್ರೆ ಗಿಡ ಸೋತು ಬೀಳ್ತದೆ, ಸಂಜೆಗೆ ಎದ್ದು ನಿಲ್ತದೆ. ನೀರು ಕಮ್ಮಿ ಅಂತ ಡ್ರಿಪ್ ಜಾಸ್ತಿ ಬಿಟ್ಟೆ. ಗೊಬ್ಬರ ಕಮ್ಮಿ ಅಂದ್ರು, ಅದನ್ನೂ ಹಾಕ್ದೆ. ದುಡ್ಡು ಹೋಯ್ತೇ ಹೊರ್ತು ಗಿಡ ಏಳ್ಲಿಲ್ಲ. ಕಿತ್ತು ನೋಡಿದ್ರೆ ಬೇರು ಹಿಂಗಾಗಿದೆ.”

ಬೇರು ಬೇರಿನಂತೆ ಇರಲಿಲ್ಲ. ಶುಂಠಿಯ ಸಣ್ಣ ಸಣ್ಣ ತುಂಡುಗಳನ್ನು ದಾರಕ್ಕೆ ಪೋಣಿಸಿದ ಹಾಗೆ ಉದ್ದಕ್ಕೂ ಗಂಟುಗಳು. ನರ್ಸರಿಯವರು ‘ಹುಳು ತಡೆಯೋ ಸಸಿ ಇದೆ, ರೇಟು ಜಾಸ್ತಿ’ ಅಂದಿದ್ದಾರಂತೆ. ಅಣ್ಣನ ಪ್ರಶ್ನೆ ಇಷ್ಟೇ: “ಹುಳ ಅಂತೂ ಗೊತ್ತಾಯ್ತು. ಯಾವ ಹುಳ? ಆ ಸಸಿ ಇದಕ್ಕೆ ನಡೀತದಾ, ಇಲ್ವಾ?”

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ‘ಯಾವ ಹುಳ’ ಅನ್ನುವ ಪ್ರಶ್ನೆಯ ಬೆನ್ನು ಹತ್ತಿ ನಾವು ಮೆಕ್ಯಾನಿಕಲ್ ವಿಭಾಗದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತನಕ ಹೋದೆವು. ಅಲ್ಲಿ ಕಂಡದ್ದನ್ನೂ ಮೊದಲ ಸಲ ಎಡವಿದ್ದನ್ನೂ ಈ ಲೇಖನದಲ್ಲಿ ಹೇಳುತ್ತೇವೆ.

ಮಾತ್ರೆ ತಿಂದ ನೆನಪಿದೆಯಾ?

ಬೇರಿಗೆ ಗಂಟು ತರುವ ಈ ಹುಳುವನ್ನು ಕೃಷಿಯ ಕೈಪಿಡಿಗಳಲ್ಲಿ ಜಂತುಹುಳು ಅನ್ನುತ್ತಾರೆ, ಪಠ್ಯಪುಸ್ತಕದಲ್ಲಿ ದುಂಡುಹುಳು, ವಿಜ್ಞಾನಿಗಳ ಬಾಯಲ್ಲಿ ನೆಮಟೋಡ್. ಜಂತುಹುಳು ಅಂದಕೂಡಲೇ ನಮಗೆ ನೆನಪಾಗುವುದು ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಚೀಪಿಸಿದ ಆಲ್ಬೆಂಡಜೋಲ್ ಮಾತ್ರೆ. ಅದು ತಪ್ಪೇನಲ್ಲ. ಹೊಟ್ಟೆಯ ಜಂತುಹುಳು, ಆನೆಕಾಲು ರೋಗದ ಹುಳು, ಟೊಮೆಟೊ ಬೇರಿನ ಹುಳು, ಮೂರೂ ನೆಮಟೋಡ್‌ಗಳೇ. ಹೊಟ್ಟೆಯದು ಒಂದು ಅಡಿ ಉದ್ದ ಬೆಳೆಯಬಲ್ಲದು. ಮಣ್ಣಿನದು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಕಾಣದಿದ್ದರೂ ಇವುಗಳ ಸಂಖ್ಯೆ ಕಡಿಮೆಯಲ್ಲ. ಭೂಮಿಯ ಮೇಲ್ಮಣ್ಣಿನಲ್ಲಿರುವ ನೆಮಟೋಡ್‌ಗಳ ಅಂದಾಜು ಲೆಕ್ಕ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು: 44ರ ಮುಂದೆ 19 ಸೊನ್ನೆ. ಭೂಮಿಯ ಮೇಲಿನ ಐದು ಪ್ರಾಣಿಗಳಲ್ಲಿ ನಾಲ್ಕು ನೆಮಟೋಡ್ ಎಂದು ಹೇಳುವುದುಂಟು. ಇವುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದುಕೊಂಡು ತಮ್ಮ ಪಾಡಿಗೆ ತಾವು ಇರುವಂಥವು. ಬಯೋಟೆಕ್ ಗೆಳೆಯರು ಪಠ್ಯದಲ್ಲಿ ಓದುವ ಸೀನೊರ‍್ಯಾಬ್ಡೈಟಿಸ್ ಎಲೆಗನ್ಸ್ ಕೂಡ ಅಂಥದ್ದೇ ಒಂದು. ಒಂದು ಮಿಲಿಮೀಟರ್ ಉದ್ದ, 302 ನರಕೋಶ. ಪೂರ್ತಿ ಜೀನೋಮ್ ಓದಿಸಿಕೊಂಡ ಮೊದಲ ಪ್ರಾಣಿ ಅದೇ, 1998ರಲ್ಲಿ.

ಬೇರಿಗೆ ಗಂಟು ತರುವವರ ಕುಲದ ಹೆಸರು ಮೆಲಾಯ್ಡೊಗೈನೆ. ಗ್ರೀಕ್ ಭಾಷೆಯಲ್ಲಿ ‘ಸೇಬಿನಾಕಾರದ ಹೆಣ್ಣು’ ಅಂತ ಅರ್ಥ. ಮೊಟ್ಟೆಯಿಂದ ಹೊರಬಂದ ಮರಿ ದಾರದ ಹಾಗಿರುತ್ತದೆ: ಉದ್ದ ಸುಮಾರು 400 ಮೈಕ್ರೋಮೀಟರ್, ದಪ್ಪ 15. ನಮ್ಮ ತಲೆಗೂದಲಿನ ಅಗಲದಲ್ಲಿ ನಾಲ್ಕೈದು ಮರಿಗಳನ್ನು ಪಕ್ಕಪಕ್ಕ ಮಲಗಿಸಬಹುದು. ಬೇರಿನ ತುದಿಯ ಹತ್ತಿರ ಒಳನುಗ್ಗಿ, ಕೆಲವು ಸಸ್ಯಕೋಶಗಳನ್ನು ಬೃಹತ್ ಕೋಶಗಳನ್ನಾಗಿ ಬದಲಾಯಿಸಿಕೊಂಡು, ಅಲ್ಲೇ ಕೂತು ಹೀರಲು ಶುರು ಮಾಡುತ್ತದೆ. ಒಮ್ಮೆ ಕೂತರೆ ಹೆಣ್ಣು ಮತ್ತೆ ಏಳುವುದಿಲ್ಲ, ಊದಿ ಊದಿ ಗುಂಡಗಾಗುತ್ತದೆ. ಸುತ್ತ ಬೇರೂ ಊದಿ ಗಂಟಾಗುತ್ತದೆ. ಕೊನೆಗೆ ಲೋಳೆಯ ಚೀಲದಲ್ಲಿ ನೂರಾರು ಮೊಟ್ಟೆ. ಮಣ್ಣು ಬೆಚ್ಚಗಿದ್ದರೆ ಇಷ್ಟೆಲ್ಲ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಅಂದರೆ ಒಂದು ಟೊಮೆಟೊ ಬೆಳೆ ಮುಗಿಯುವುದರೊಳಗೆ ಮೂರು ನಾಲ್ಕು ತಲೆಮಾರು. ಗಂಟಾದ ಬೇರು ನೀರನ್ನು ಸರಿಯಾಗಿ ಮೇಲೆ ಕಳಿಸಲಾರದು. ಮಧ್ಯಾಹ್ನ ಗಿಡ ಸೋಲುವುದು ಅದಕ್ಕೇ. ಅಣ್ಣ ಡ್ರಿಪ್ ಜಾಸ್ತಿ ಬಿಟ್ಟರೂ ಪ್ರಯೋಜನವಾಗದ್ದೂ ಅದಕ್ಕೇ.

ಮುರಿದ ಬೋಲ್ಟು, ಊದಿದ ಹುಳು

ನಮ್ಮ ಲ್ಯಾಬಿನ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ದಿನವೂ ನೋಡುವುದು ಲೋಹ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಮುರಿದ ಬೋಲ್ಟು, ಹಲ್ಲು ಉದುರಿದ ಗೇರು, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಬೋರ್ಡುಗಳ ಬಿರುಕುಬಿಟ್ಟ ಸೋಲ್ಡರ್, ಇಂಥವನ್ನು ಪರೀಕ್ಷಿಸುವುದು ಈ ಬಗೆಯ ಯಂತ್ರದಲ್ಲೇ. ಬೋಲ್ಟ್ ಹೇಗೆ ಮುರಿಯಿತು ಅನ್ನುವುದನ್ನು ಅದರ ಮುರಿದ ಮುಖವೇ ಹೇಳುತ್ತದೆ ಎಂದು ಮೆಟೀರಿಯಲ್ಸ್ ತರಗತಿಯಲ್ಲಿ ಓದಿದ್ದೇವಲ್ಲ? ಸಣ್ಣ ಗುಳಿಗಳಿದ್ದರೆ ಎಳೆದು ಮುರಿದದ್ದು, ಸಮಾನಾಂತರ ಗೆರೆಗಳಿದ್ದರೆ ಸುಸ್ತಾಗಿ, ಅಂದರೆ ಫೆಟೀಗ್‌ನಿಂದ ಮುರಿದದ್ದು. ಮೇಲ್ಮೈಯ ಪ್ರತಿ ಗೆರೆಗೂ ಒಂದು ಕಾರಣ ಇರುತ್ತದೆ. ಹುಳುವಿನ ವಿಷಯದಲ್ಲೂ ನಿಯಮ ಇದೇ.

ಮಾಮೂಲಿ ಸೂಕ್ಷ್ಮದರ್ಶಕ ಸಾಲದೇ ಅಂತ ನಾವೂ ಕೇಳಿದೆವು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಎರಡು ಕಷ್ಟ. ಒಂದು, ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಅದಕ್ಕೆ ಒಂದೇ ಚುಕ್ಕಿ. ಎರಡು, ಹೆಚ್ಚು ದೊಡ್ಡದು ಮಾಡಿದಷ್ಟೂ ಫೋಕಸ್ಸಿನಲ್ಲಿ ಇರುವ ಪದರ ತೆಳುವಾಗುತ್ತ ಹೋಗುತ್ತದೆ. ಸಾವಿರ ಪಟ್ಟು ದೊಡ್ಡದು ಮಾಡಿದರೆ ಒಂದು ಮೈಕ್ರೋಮೀಟರ್ ಕೂಡ ಸಿಗುವುದು ಕಷ್ಟ. ಹುಳುವಿನ ಮೈ ದುಂಡಗಿದೆ. ನೆತ್ತಿ ಸ್ಪಷ್ಟವಾದರೆ ಪಕ್ಕೆ ಮಸುಕು, ಪಕ್ಕೆ ಸ್ಪಷ್ಟವಾದರೆ ನೆತ್ತಿ ಮಾಯ.

10 ಕಿಲೋವೋಲ್ಟಿನಲ್ಲಿ ಓಡಿಸಿದ ಎಲೆಕ್ಟ್ರಾನಿನ ತರಂಗಾಂತರ ಸುಮಾರು 0.012 ನ್ಯಾನೋಮೀಟರ್. ಲೆನ್ಸುಗಳ ದೋಷದಿಂದಾಗಿ ಅಷ್ಟು ಸೂಕ್ಷ್ಮ ಚಿತ್ರವೇನೂ ಬರುವುದಿಲ್ಲ, ಆದರೂ ಕೆಲವೇ ನ್ಯಾನೋಮೀಟರಿನ ವಿವರ ಸಿಗುತ್ತದೆ. ಅದಕ್ಕಿಂತ ನಮಗೆ ಉಪಯೋಗಕ್ಕೆ ಬಂದದ್ದು ಫೋಕಸ್ಸಿನ ಆಳ. ಎಲೆಕ್ಟ್ರಾನಿನ ಕಿರಣ ಸಣ್ಣ ಕಿಂಡಿಯಿಂದ ಕಿರಿದಾದ ಕೋನದಲ್ಲಿ ಬರುವುದರಿಂದ ಹುಳುವಿನ ನೆತ್ತಿಯೂ ಪಕ್ಕೆಯೂ ಒಟ್ಟಿಗೇ ಸ್ಪಷ್ಟ. ಕಿರಣ ಮೇಲ್ಮೈಯನ್ನು ಸಾಲು ಸಾಲಾಗಿ ಉಜ್ಜುತ್ತ ಹೋಗುತ್ತದೆ, ತಗುಲಿದ ಕಡೆ ಮೇಲ್ಪದರದಿಂದ ಹೊರಚಿಮ್ಮುವ ಎಲೆಕ್ಟ್ರಾನುಗಳನ್ನು ಡಿಟೆಕ್ಟರ್ ಎಣಿಸುತ್ತದೆ. ಅಂಚು, ಏಣುಗಳಿಂದ ಹೆಚ್ಚು ಹೊರಬರುತ್ತವೆ, ಅವು ಬೆಳ್ಳಗೆ. ಹಳ್ಳಗಳಿಂದ ಕಡಿಮೆ, ಅವು ಕಪ್ಪಗೆ. ಚಿತ್ರ ಯಾವತ್ತೂ ಕಪ್ಪು-ಬಿಳುಪೇ. ಇಂಟರ್ನೆಟ್ಟಿನಲ್ಲಿ ಕಾಣುವ ನೀಲಿ, ಕಿತ್ತಳೆ ಹುಳುಗಳಿಗೆಲ್ಲ ಆಮೇಲೆ ಬಣ್ಣ ಬಳಿದಿರುತ್ತಾರೆ.

ಬ್ಯಾಡಗಿ ಮೆಣಸಿನಕಾಯಿ

ಮೊದಲ ಸಲ ನಾವು ಮಾಡಿದ್ದು ಇಷ್ಟು. ಗಂಟನ್ನು ಸೂಜಿಯಿಂದ ಬಿಡಿಸಿ, ಮುತ್ತಿನಂತೆ ಹೊಳೆಯುವ ಹೆಣ್ಣು ಹುಳುಗಳನ್ನು ಹೆಕ್ಕಿ, ಒಣಗಲು ಬಿಟ್ಟು, ಕಾರ್ಬನ್ ಟೇಪಿನ ಮೇಲೆ ಅಂಟಿಸಿ, ಯಂತ್ರದೊಳಗೆ ಇಟ್ಟೆವು. ಲೋಹದ ಚೂರನ್ನು ಹಾಗೇ ತಾನೇ ಇಡುವುದು?

ಪರದೆಯ ಮೇಲೆ ಮೊದಲು ಬಂದದ್ದು ಬೆಳ್ಳನೆಯ ಗೀಟುಗಳು. ಹುಳು ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಬಿದ್ದ ಎಲೆಕ್ಟ್ರಾನುಗಳು ಅಲ್ಲೇ ಶೇಖರವಾಗಿ ಚಿತ್ರ ಕೆಡಿಸುತ್ತಿದ್ದವು. ಚಿನ್ನದ ತೆಳು ಲೇಪ ಕೊಟ್ಟ ಮೇಲೆ ಚಿತ್ರ ನಿಂತಿತು. ನೋಡಿದರೆ ಮೈತುಂಬ ಗೆರೆಯೋ ಗೆರೆ! ‘ಸಿಕ್ಕೇಬಿಡ್ತು’ ಅಂತ ಕುಣಿದು ಪುಸ್ತಕದ ಚಿತ್ರಗಳ ಪಕ್ಕ ಇಟ್ಟು ಹೋಲಿಸಲು ಕೂತೆವು. ಒಂದು ಹುಳು ಒಂದು ಜಾತಿಯ ಥರ ಕಂಡಿತು, ಅದೇ ಗಂಟಿನ ಇನ್ನೊಂದು ಬೇರೆ ಜಾತಿಯ ಥರ, ಮೂರನೆಯದು ಯಾವುದರ ಥರವೂ ಇಲ್ಲ. ನಮ್ಮ ಬಯೋಟೆಕ್ ಮೇಡಂ ಬಂದು ಒಂದು ನಿಮಿಷ ನೋಡಿ, “ಇದು ಹುಳ ಅಲ್ಲಪ್ಪ, ಬ್ಯಾಡಗಿ ಮೆಣಸಿನಕಾಯಿ” ಅಂದರು.

ನಾವು ಓದುತ್ತಿದ್ದದ್ದು ಹುಳುವಿನ ಗೆರೆಗಳನ್ನಲ್ಲ, ಒಣಗಿದ ಸುಕ್ಕನ್ನು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೆ ನಿರ್ವಾತ ಇರುತ್ತದೆ, ಹಸಿ ವಸ್ತು ಇಡುವಂತಿಲ್ಲ. ಹಾಗಂತ ಗಾಳಿಯಲ್ಲಿ ಒಣಗಿಸಿದರೆ ನೀರಿನ ಮೇಲ್ಮೈ ಎಳೆತ ಹುಳುವನ್ನು ಹಿಂಡಿಬಿಡುತ್ತದೆ. ಲೆಕ್ಕ ನೀವೇ ಹಾಕಿ ನೋಡಿ: ನೀರಿನ ಎಳೆತ ಮೀಟರಿಗೆ 0.072 ನ್ಯೂಟನ್, ಒಂದು ಮೈಕ್ರೋಮೀಟರ್ ತ್ರಿಜ್ಯದ ಬಾಗಿದ ನೀರಿನ ಮುಖದಲ್ಲಿ ಒತ್ತಡದ ವ್ಯತ್ಯಾಸ ಸುಮಾರು 1.4 ಅಟ್ಮಾಸ್ಫಿಯರ್. ತಿರುಳಿಲ್ಲದ ಮೆತ್ತನೆಯ ಚೀಲಕ್ಕೆ ಅಷ್ಟು ಸಾಕು.

ಅದಕ್ಕೇ ಸರಿಯಾದ ದಾರಿ ಉದ್ದವಾಗಿದೆ. ಮೊದಲು ಗ್ಲುಟರಾಲ್ಡಿಹೈಡ್‌ನಲ್ಲಿ ನೆನೆಸಿ ಹುಳುವಿನ ಪ್ರೋಟೀನುಗಳನ್ನು ಇದ್ದ ಜಾಗದಲ್ಲೇ ಬಿಗಿಯಬೇಕು. ಆಮೇಲೆ 30, 50, 70, 90, 100 ಪ್ರತಿಶತ ಆಲ್ಕೋಹಾಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಿ ನೀರನ್ನು ಹೊರಗೆ ಕಳಿಸಬೇಕು. ಅವಸರ ಮಾಡಿದರೆ ಅಲ್ಲೂ ಸುಕ್ಕು, ಯಾಕಂದ್ರೆ ಹುಳುವಿನ ಚರ್ಮದೊಳಗೆ ದ್ರವಗಳು ಇಳಿಯುವುದು ತುಂಬ ನಿಧಾನ. ಕೊನೆಗೆ ಆಲ್ಕೋಹಾಲಿನ ಜಾಗಕ್ಕೆ ದ್ರವ ಕಾರ್ಬನ್ ಡೈ ಆಕ್ಸೈಡ್ ತುಂಬಿಸಿ, 31 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 73 ಅಟ್ಮಾಸ್ಫಿಯರ್ ದಾಟಿಸಬೇಕು. ಥರ್ಮೋದಲ್ಲಿ ಓದಿ ಪರೀಕ್ಷೆ ಮುಗಿದ ಸಂಜೆಯೇ ಮರೆತ ಕ್ರಿಟಿಕಲ್ ಪಾಯಿಂಟ್ ಇದೇ. ಅದನ್ನು ದಾಟಿದ ಮೇಲೆ ದ್ರವ, ಅನಿಲ ಅನ್ನುವ ಭೇದವೇ ಇಲ್ಲ, ನಡುವೆ ಮೇಲ್ಮೈಯೂ ಇಲ್ಲ. ಮೇಲ್ಮೈ ಇಲ್ಲದ ಮೇಲೆ ಎಳೆಯುವವರು ಯಾರು?

ನಮ್ಮಲ್ಲಿ ಆ ಯಂತ್ರ ಇಲ್ಲ. ಅದರ ಬದಲು ಎಚ್‌ಎಂಡಿಎಸ್ ಅನ್ನುವ, ಮೇಲ್ಮೈ ಎಳೆತ ಬಹಳ ಕಡಿಮೆ ಇರುವ ದ್ರವವನ್ನು ಮೇಡಂ ಎದುರಲ್ಲೇ ಫ್ಯೂಮ್ ಹುಡ್ಡಿನೊಳಗೆ ಬಳಸಿದೆವು. ಮೆಟ್ಟಿಲು ಮೆಟ್ಟಿಲಲ್ಲಿ ಹುಳುಗಳು ಪಿಪೆಟ್ಟಿಗೆ ಅಂಟಿಕೊಂಡು, ಚೆಲ್ಲಿ, ಕಳೆದುಹೋಗಿ, ನೂರಕ್ಕೂ ಹೆಚ್ಚು ಹಾಕಿದ್ದರಲ್ಲಿ ಕೊನೆಗೆ ಉಳಿದದ್ದು ಹದಿನೇಳು. ಅವಕ್ಕೆ 10 ನ್ಯಾನೋಮೀಟರಿನಷ್ಟು ಚಿನ್ನ ಬಳಿದೆವು. ಹುಳುವಿನ ಮೈಯ ಒಂದು ಉಂಗುರದ ಅಗಲದಲ್ಲಿ ಅದು ನೂರನೇ ಒಂದು ಭಾಗ. ಹಾಗಾಗಿ ಚಿನ್ನದ ಕೆಳಗೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ.

ತಲೆಯಿಂದ ಬಾಲದವರೆಗೆ

ಈ ಸಲ ಮೊದಲು ನೋಡಿದ್ದು ಮರಿಹುಳುವಿನ ತಲೆ. ನೇರ ಮುಂದಿನಿಂದ ನೋಡಿದರೆ ನಡುವೆ ಬಾಯಿಯ ಸಣ್ಣ ಕಿಂಡಿ, ಅದರ ಸುತ್ತ ಆರು ಪುಟ್ಟ ತೂತು. ಬಾಯಿಯ ಸುತ್ತಲಿನ ತಟ್ಟೆಯೂ ಮೇಲೆ ಕೆಳಗಿನ ತುಟಿಗಳೂ ಒಂದಾಗಿ ಬೆಸೆದುಕೊಂಡು ಜಿಮ್ಮಿನ ಡಂಬೆಲ್ ಥರ ಕಾಣುತ್ತವೆ. ಆ ಬಾಯಿಕಿಂಡಿಯ ಹಿಂದೆ ಸುಮಾರು 10 ಮೈಕ್ರೋಮೀಟರ್ ಉದ್ದದ ಟೊಳ್ಳು ಸೂಜಿ ಅಡಗಿದೆ. ಬೇರಿನ ಕೋಶಕ್ಕೆ ಚುಚ್ಚಿ ಹೀರುವುದು ಅದರಿಂದಲೇ. ನಮ್ಮ ಯಂತ್ರಕ್ಕೆ ಅದು ಕಾಣುವುದಿಲ್ಲ. ಹೊರಮೈ ಬಿಟ್ಟು ಒಳಗಿನದು ಏನೂ ಅದಕ್ಕೆ ಕಾಣದು.

ತಲೆಯ ಎರಡೂ ಪಕ್ಕ ಒಂದೊಂದು ಸೀಳುಗಿಂಡಿ. ಇವಕ್ಕೆ ಆಂಫಿಡ್ ಎನ್ನುತ್ತಾರೆ, ಹುಳುವಿನ ಮೂಗು ಇದ್ದ ಹಾಗೆ. ಒಳಗೆ ನರದ ತುದಿಗಳಿವೆ. ಕಣ್ಣಿಲ್ಲದ, ಕಿವಿಯಿಲ್ಲದ ಮರಿ ಕತ್ತಲೆಯ ಮಣ್ಣಿನಲ್ಲಿ ಟೊಮೆಟೊ ಬೇರಿನ ವಾಸನೆ ಹಿಡಿದು ಬರುವುದು ಈ ಎರಡು ಸೀಳುಗಳ ಬಲದಿಂದ.

ತಲೆಯಿಂದ ಹಿಂದಕ್ಕೆ ಸರಿದರೆ ಉಂಗುರಗಳು. ವಾಷಿಂಗ್ ಮೆಷಿನ್ನಿನ ನೀರು ಹೊರಬಿಡುವ ಪೈಪು ನೋಡಿದ್ದೀರಲ್ಲ, ಹಾಗೇ ಸುಮಾರು ಒಂದೊಂದು ಮೈಕ್ರೋಮೀಟರಿಗೆ ಒಂದೊಂದು ಮಡಿಕೆ. ಕಾರಣವೂ ಹೆಚ್ಚುಕಡಿಮೆ ಅದೇ. ನೆಮಟೋಡಿಗೆ ಮೂಳೆ ಇಲ್ಲ. ಒಳಗಿನ ದ್ರವದ ಒತ್ತಡ, ಹೊರಗಿನ ಗಟ್ಟಿ ಚರ್ಮ, ಇವೆರಡರ ಜಗ್ಗಾಟದಲ್ಲೇ ಮೈ ನಿಂತಿದೆ. ಸ್ನಾಯುಗಳು ಉದ್ದಕ್ಕೆ ಮಾತ್ರ ಇವೆ, ಅಡ್ಡ ಸುತ್ತುವ ಸ್ನಾಯುಗಳಿಲ್ಲ. ಒಂದು ಬದಿಯ ಸ್ನಾಯು ಎಳೆದಾಗ ಚರ್ಮ ಮುರಿಯದೆ ಬಾಗಬೇಕು, ಒತ್ತಡಕ್ಕೆ ಉಬ್ಬಿ ಒಡೆಯಲೂಬಾರದು. ಮಡಿಕೆಗಳು ಬಾಗಲು ಅನುಕೂಲ. ಚರ್ಮದ ಮುಖ್ಯ ಸಾಮಗ್ರಿ ಕೊಲಾಜೆನ್, ನಮ್ಮ ಚರ್ಮದಲ್ಲೂ ಇರುವ ಪ್ರೋಟೀನು. ಬೆಳೆಯುವಾಗ ಹುಳು ಈ ಅಂಗಿಯನ್ನು ನಾಲ್ಕು ಸಲ ಕಳಚಿ ಹೊಸದು ತೊಡುತ್ತದೆ.

ಎರಡೂ ಪಕ್ಕೆಗಳಲ್ಲಿ ತಲೆಯಿಂದ ಬಾಲದ ಕಡೆಗೆ ರೈಲು ಹಳಿಯ ಹಾಗೆ ಉದ್ದ ಗೆರೆಗಳು. ಈ ಮರಿಯಲ್ಲಿ ಪಕ್ಕೆಗೆ ನಾಲ್ಕು. ಉಂಗುರಗಳು ಇಲ್ಲಿಗೆ ಬಂದು ತುಂಡಾಗುತ್ತವೆ. ಗೆರೆ ಎಷ್ಟು, ಎಲ್ಲಿ ಶುರು, ಎಲ್ಲಿ ಮುಕ್ತಾಯ ಅನ್ನುವುದನ್ನು ನೆಮಟೋಡ್ ತಜ್ಞರು ಗುರುತಿಗೆ ಬಳಸುತ್ತಾರೆ. ಇನ್ನೂ ಹಿಂದೆ ಗುದದ್ವಾರ, ಅದರಾಚೆ ಚೂಪು ಬಾಲ, ಬಾಲದ ಪಕ್ಕೆಗಳಲ್ಲಿ ಫ್ಯಾಸ್ಮಿಡ್ ಅನ್ನುವ ಇನ್ನೊಂದು ಜೋಡಿ ಪುಟ್ಟ ರಂಧ್ರ.

ಹೆಬ್ಬೆಟ್ಟು ಇರುವುದು ಹಿಂಭಾಗದಲ್ಲಿ

ಮರಿ ಊದಿ ಹೆಣ್ಣಾಗುವಾಗ ಈ ಉಂಗುರಗಳ ಗತಿ ಏನು? ಬಲೂನಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಊದಿ ನೋಡಿ. ಹೊಟ್ಟೆಯ ಭಾಗದ ಗೆರೆ ಹಿಗ್ಗಿ ಮಸುಕಾಗುತ್ತದೆ, ಗಂಟು ಕಟ್ಟಿದ ತುದಿಯ ಹತ್ತಿರ ಹಾಗೇ ಉಳಿಯುತ್ತದೆ. ಹೆಣ್ಣಿನ ಹಿಂತುದಿಯಲ್ಲೂ ಸುಮಾರಾಗಿ ಹೀಗೇ. ಯೋನಿಯ ಸೀಳು, ಅದರ ಮೇಲೆ ಗುದ, ಅಳಿದುಳಿದ ಬಾಲದ ತುದಿ, ಇವುಗಳ ಸುತ್ತ ಉಂಗುರಗಳು ಬಳಸಿ ಬಾಗಿ ಒಂದು ವಿನ್ಯಾಸವಾಗಿ ನಿಲ್ಲುತ್ತವೆ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೇ ಕಾಣುತ್ತದೆ. ಒಂದು ವ್ಯತ್ಯಾಸವಿದೆ. ನಮ್ಮ ಹೆಬ್ಬೆಟ್ಟು ‘ಇವನು ಯಾರು’ ಅಂತ ಹೇಳುತ್ತದೆ, ಹುಳುವಿನದು ‘ಇದು ಯಾವ ಜಾತಿ’ ಅಂತ.

ಮುಖ್ಯವಾದ ನಾಲ್ಕು ಜಾತಿಗಳನ್ನು ಹೀಗೆ ಓದುತ್ತಾರೆ. ಬೆನ್ನಿನ ಕಡೆಯ ಕಮಾನು ಎತ್ತರವಾಗಿ, ಮೇಲೆ ಚೌಕಾಕಾರವಾಗಿದ್ದರೆ ಇನ್‌ಕಾಗ್ನಿಟಾ. ಎರಡೂ ಪಕ್ಕ ಸ್ಪಷ್ಟ ಜೋಡಿಗೆರೆ ಬಂದು ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಬೇಲಿ ಹಾಕಿದಂತೆ ಬೇರ್ಪಡಿಸಿದರೆ ಜವಾನಿಕಾ. ಕಮಾನು ತಗ್ಗಾಗಿ, ದುಂಡಗೆ, ಪಕ್ಕದಲ್ಲಿ ಹೆಗಲಿನಂತೆ ಉಬ್ಬಿದ್ದರೆ ಅರಿನೇರಿಯಾ. ಬಾಲದ ತುದಿಯ ಹತ್ತಿರ ರಂಗೋಲಿ ಚುಕ್ಕಿಯಂತೆ ಸಣ್ಣ ಚುಕ್ಕಿಗಳ ಗುಂಪಿದ್ದರೆ ಹ್ಯಾಪ್ಲಾ, ಇದು ಚಳಿ ಸೀಮೆಯ ಹುಳು.

ಈ ಕ್ರಮವನ್ನು ಗಟ್ಟಿ ಮಾಡಿದ್ದು ಅಮೆರಿಕದ ಚಿಟ್‌ವುಡ್, 1949ರಲ್ಲಿ, ಬೆಳಕಿನ ಸೂಕ್ಷ್ಮದರ್ಶಕದಲ್ಲೇ. ಮಾರಾಟಕ್ಕೆಂದು ತಯಾರಾದ ಮೊದಲ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದದ್ದು 1965ರಲ್ಲಿ, ಕೇಂಬ್ರಿಜ್ ಇನ್‌ಸ್ಟ್ರುಮೆಂಟ್ ಕಂಪನಿಯಿಂದ. ಅದಾಗಿ ಹದಿನೈದು ವರ್ಷಗಳ ಹೊತ್ತಿಗೆ ಐಸೆನ್‌ಬ್ಯಾಕ್ ಮತ್ತು ಹಿರ್ಶ್‌ಮನ್ ಅನ್ನುವ ವಿಜ್ಞಾನಿಗಳು ಇದೇ ನಾಲ್ಕು ಜಾತಿಗಳ ತಲೆ, ತುಟಿ, ಹೊರತೆಗೆದ ಸೂಜಿ, ಹಿಂಭಾಗದ ವಿನ್ಯಾಸ ಎಲ್ಲವನ್ನೂ ಎಲೆಕ್ಟ್ರಾನಿನಲ್ಲಿ ಹೋಲಿಸಿ ನೋಡಿದರು. ದಿನನಿತ್ಯದ ಗುರುತಿಗೆ ಈಗಲೂ ಹೆಣ್ಣಿನ ಹಿಂತುದಿ ಕತ್ತರಿಸಿ, ಲ್ಯಾಕ್ಟಿಕ್ ಆಮ್ಲದಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿಟ್ಟು ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ನೋಡುತ್ತಾರೆ. ಅಲ್ಲಿ ಬರೀ ಗೆರೆಯಾಗಿ ಕಾಣುವುದು ಏಣೋ ಹಳ್ಳವೋ ಮಡಿಕೆಯೋ ಅನ್ನುವುದನ್ನು ಎಲೆಕ್ಟ್ರಾನಿನ ಚಿತ್ರ ಹೇಳಿಕೊಡುತ್ತದೆ.

ನಮ್ಮ ಹದಿನೇಳರಲ್ಲಿ ಹಿಂಭಾಗ ಚೆನ್ನಾಗಿ ಕಂಡದ್ದು ಆರು. ಆರರಲ್ಲೂ ಎತ್ತರದ, ಚೌಕ ತಲೆಯ ಕಮಾನು. ಈ ಸಲ ಕುಣಿಯಲಿಲ್ಲ, ಸುಕ್ಕೋ ಗೆರೆಯೋ ಅಂತ ಮೊದಲು ನೋಡಿದೆವು. ಸುಕ್ಕು ಒಂದೊಂದು ಹುಳುವಿನಲ್ಲಿ ಒಂದೊಂದು ಥರ, ಉಂಗುರಗಳ ಲೆಕ್ಕವಿಲ್ಲದೆ ಅಡ್ಡಾದಿಡ್ಡಿ ಓಡುತ್ತದೆ. ನಿಜವಾದ ಗೆರೆ ಎಲ್ಲದರಲ್ಲೂ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ ಬರುತ್ತದೆ. ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಬೆಳಕಿನಲ್ಲಿ ನೋಡಿದಾಗಲೂ ಬಂತು.

ಗುರುತು ಸಿಗದವಳು

ಇನ್‌ಕಾಗ್ನಿಟಾ ಅಂದರೆ ಲ್ಯಾಟಿನ್ನಿನಲ್ಲಿ ‘ಅಪರಿಚಿತೆ’. ಈ ಹೆಸರಿನ ಹಿಂದೆ ಒಂದು ತಪ್ಪು ಗುರುತಿನ ಕಥೆಯೇ ಇದೆ. 1919ರಲ್ಲಿ ಕೊಫಾಯ್ಡ್ ಮತ್ತು ವೈಟ್ ಅನ್ನುವವರು ಅಮೆರಿಕದ ಸೈನಿಕರ ಮಲದಲ್ಲಿ ಗುರುತಿಲ್ಲದ ಮೊಟ್ಟೆಗಳನ್ನು ಕಂಡು, ಮನುಷ್ಯರಿಗೆ ಅಂಟುವ ಹೊಸ ಜಂತುಹುಳು ಇದು ಎಂದು ಹೆಸರಿಟ್ಟರು. ಹುಳು ಮಾತ್ರ ಯಾರ ಹೊಟ್ಟೆಯಲ್ಲೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಸೈನಿಕರು ತಿಂದ ತರಕಾರಿಯ ಬೇರುಗಂಟಿನಲ್ಲಿದ್ದ ಮೊಟ್ಟೆಗಳು ಹೊಟ್ಟೆಯ ಮೂಲಕ ಸುಮ್ಮನೆ ಹಾದುಹೋಗಿದ್ದವು. ಕುಲ ಬದಲಾಯಿತು, ‘ಅಪರಿಚಿತೆ’ ಅನ್ನುವ ಹೆಸರು ಮಾತ್ರ ಉಳಿಯಿತು.

ನಮ್ಮ ಸೀಮೆಗೂ ಇದು ಹೊಸದಲ್ಲ. ಭಾರತದಲ್ಲಿ ಬೇರುಗಂಟು ಹುಳುವಿನ ಮೊದಲ ವರದಿ 1901ರದ್ದು, ನೀಲಗಿರಿಯ ದೇವಾಲದ ಚಹಾ ತೋಟದಿಂದ ಬಾರ್ಬರ್ ಎಂಬಾತ ಬರೆದದ್ದು. ಇಂದು ಬೆಂಗಳೂರಿನ ಸುತ್ತಮುತ್ತ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಪಾಲಿಹೌಸಿನ ಹೂಗಳು ಎಲ್ಲಕ್ಕೂ ಇದರ ಕಾಟ. ಇನ್‌ಕಾಗ್ನಿಟಾಕ್ಕೆ ಗಂಡಿನ ಅವಶ್ಯಕತೆ ಕೂಡ ಇಲ್ಲ. ಮರಿ ಹಾಕಲು ಒಂದೇ ಹೆಣ್ಣು ಸಾಕು, ಅಂದರೆ ಒಂದು ಗಂಟುಬೇರಿನ ಸಸಿ ತಂದು ನೆಟ್ಟರೆ ಹೊಲಕ್ಕೆ ಬೀಜ ಬಿತ್ತಿದಂತೆ.

ಗುರುತು ಸಿಕ್ಕರೆ ಏನು ಲಾಭ?

ಅಣ್ಣನ ಪ್ರಶ್ನೆ ಇದ್ದದ್ದು ಇಲ್ಲೇ. ಟೊಮೆಟೊದಲ್ಲಿ ಬೇರುಗಂಟು ತಡೆಯುವ ತಳಿಗಳಲ್ಲಿ ಬಹುಪಾಲು ‘ಮಿ’ ಅನ್ನುವ ಒಂದು ಜೀನನ್ನೇ ನಂಬಿಕೊಂಡಿವೆ. ಇದು ಕಾಡು ಟೊಮೆಟೊ ಒಂದರಿಂದ 1940ರ ದಶಕದಲ್ಲಿ ನಾಟಿ ಟೊಮೆಟೊಗೆ ಬಂದದ್ದು. ಈ ಜೀನ್ ಇರುವ ಬೇರಿಗೆ ಹುಳು ಬಾಯಿ ಹಾಕಿದರೆ ಆ ಜಾಗದ ಸಸ್ಯಕೋಶಗಳು ತಾವೇ ಸತ್ತು ಹುಳುವನ್ನು ಉಪವಾಸ ಕೆಡವುತ್ತವೆ. ಇನ್‌ಕಾಗ್ನಿಟಾ, ಜವಾನಿಕಾ, ಅರಿನೇರಿಯಾ ಮೂರಕ್ಕೂ ಇದು ನಡೆಯುತ್ತದೆ. ಹ್ಯಾಪ್ಲಾಕ್ಕೆ ನಡೆಯುವುದಿಲ್ಲ. ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಜೀನ್ ಇದ್ದೂ ಇಲ್ಲದಂತೆ, ಪಾಲಿಹೌಸಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ತೊಡಕು ನಮ್ಮನ್ನು ನಿಜಕ್ಕೂ ನಿಲ್ಲಿಸಿತು. ಎಂಟರೊಲೋಬಿಯೈ ಅನ್ನುವ ಐದನೇ ಜಾತಿ ಇದೆ. 1983ರಲ್ಲಿ ಚೀನಾದಿಂದ ವಿವರಿಸಲಾದ ಹುಳು, ವಿವರಿಸಿದವರಲ್ಲಿ ಒಬ್ಬರು ಮೇಲೆ ಹೇಳಿದ ಅದೇ ಐಸೆನ್‌ಬ್ಯಾಕ್. ಭಾರತದಲ್ಲಿ ಇದು 2016ರಲ್ಲಿ ತಮಿಳುನಾಡಿನ ಸೀಬೆ ತೋಟದಲ್ಲಿ ವರದಿಯಾಯಿತು. ‘ಮಿ’ ಜೀನನ್ನು ಇದು ಲೆಕ್ಕಕ್ಕೇ ಇಡುವುದಿಲ್ಲ. ಇದರ ಹೆಬ್ಬೆಟ್ಟೋ? ಇನ್‌ಕಾಗ್ನಿಟಾದ ಹಾಗೇ ಕಾಣುತ್ತದೆ. ಎತ್ತರದ ಕಮಾನು ನೋಡಿ ‘ಇನ್‌ಕಾಗ್ನಿಟಾ’ ಅಂತ ಮುದ್ರೆ ಒತ್ತಿ, ದುಬಾರಿ ಸಸಿ ಕೊಡಿಸಿ, ಕೊನೆಗೆ ಅದೂ ಸೋತು ಬಿದ್ದರೆ ಹೋಗುವುದು ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಅಲ್ಲ, ಅಣ್ಣನ ಒಂದು ಬೆಳೆ.

ಇವೆರಡನ್ನು ಖಾತ್ರಿಯಾಗಿ ಬೇರ್ಪಡಿಸುವುದು ಡಿಎನ್‌ಎ. ಜಾತಿಗೊಂದರಂತೆ ಪ್ರೈಮರ್ ಹಾಕಿ ಪಿಸಿಆರ್ ಮಾಡಿದರೆ ಒಂದೇ ದಿನದ ಕೆಲಸ. ಮೇಡಂ ಮುಖಾಂತರ ನಮ್ಮ ಉಳಿದ ಹುಳುಗಳನ್ನು ಆ ವ್ಯವಸ್ಥೆ ಇರುವ ಲ್ಯಾಬಿಗೆ ಕಳಿಸಿದ್ದೇವೆ. ಈ ಲೇಖನ ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ.

ಅಣ್ಣನಿಗೆ ಹೇಳಿದ್ದು

ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆವು. ಅಣ್ಣ ಹಿಗ್ಗಿಸಿ ಹಿಗ್ಗಿಸಿ ನೋಡಿ, “ಇಷ್ಟುದ್ದ ಬಾಯಲ್ಲಿ ಇಷ್ಟು ಹಾಳು ಮಾಡ್ತದಾ?” ಅಂದರು. ಆಮೇಲೆ, “ಹಂಗಾದ್ರೆ ಸಸಿ ಬುಕ್ ಮಾಡ್ಲಾ, ಬೇಡ್ವಾ?”

“ಬಹುಶಃ ನಡೆಯುತ್ತೆ ಅಣ್ಣಾ, ಆದ್ರೆ ಖಾತ್ರಿ ಇಲ್ಲ. ರಿಪೋರ್ಟ್ ಬರೋ ತನಕ ತಡೀರಿ” ಅಂದೆವು. ಇಷ್ಟೆಲ್ಲ ಮಾಡಿ ‘ಖಾತ್ರಿ ಇಲ್ಲ’ ಅನ್ನಲು ನಮಗೇ ನಾಚಿಕೆಯಾಯಿತು. ಅಣ್ಣನಿಗೆ ಆಗಲಿಲ್ಲ. “ಗೊತ್ತಿಲ್ಲ ಅಂದ್ರಲ್ಲ, ಅದೇ ದೊಡ್ಡದು. ಗೊಬ್ಬರ ಹಾಕು ಅಂದೋರು ಯಾರೂ ಹಂಗನ್ಲಿಲ್ಲ” ಅಂದರು.

ಯಾವ ಜಾತಿಯೇ ಆದರೂ ತಪ್ಪಿಲ್ಲದೆ ಮಾಡಬಹುದಾದ ಕೆಲಸಗಳನ್ನು ಮಾತ್ರ ಹೇಳಿ ಬಂದೆವು. ಬೆಳೆ ಮುಗಿದ ಮೇಲೆ ಗಂಟುಬೇರುಗಳನ್ನು ಹೊಲದಲ್ಲಿ ಬಿಡದೆ ಕಿತ್ತು ಸುಡುವುದು. ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣನ್ನು ಬಿಸಿಲಿಗೆ ಬಿಡುವುದು. ಒಂದು ಸರದಿ ಚೆಂಡುಹೂವು ಹಾಕುವುದು, ಅದರ ಬೇರಿನಲ್ಲಿ ಈ ಹುಳುವಿಗಾಗದ ರಾಸಾಯನಿಕವಿದೆ. ಬೇವಿನ ಹಿಂಡಿಗೆ ಪರ್ಪ್ಯುರಿಯೊಸಿಲಿಯಂ ಅನ್ನುವ ಶಿಲೀಂಧ್ರ ಬೆರೆಸಿ ಮಣ್ಣಿಗೆ ಕೊಡುವುದು. ಹುಳುವಿನ ಮೊಟ್ಟೆಯನ್ನೇ ತಿನ್ನುವ ಈ ಶಿಲೀಂಧ್ರದ ಮೇಲೆ ಪೀಣ್ಯದಿಂದ ಉತ್ತರಕ್ಕಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ವರ್ಷಗಳಿಂದ ಕೆಲಸ ಮಾಡಿದೆ. ಮಣ್ಣಿನ ಹುಳುಗಳೆಲ್ಲ ವೈರಿಗಳಲ್ಲ ಅಂತಲೂ ಹೇಳಿದೆವು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಗೊಣ್ಣೆಹುಳುವನ್ನು ಕೊಲ್ಲುವ ನೆಮಟೋಡುಗಳನ್ನೇ ಪುಡಿಯ ರೂಪದಲ್ಲಿ ರೈತರಿಗಾಗಿ ತಯಾರಿಸಿದ್ದಾರೆ.

ನಿಮಗೂ ನೋಡುವ ಆಸೆ ಇದ್ದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಿಲ್ಲ. ಹಾಸ್ಟೆಲಿನ ಕೈತೋಟದಿಂದ ಎರಡು ಹಿಡಿ ಹಸಿಮಣ್ಣು ತನ್ನಿ. ಚಹಾ ಜರಡಿಯ ಮೇಲೆ ಟಿಶ್ಯೂ ಹಾಸಿ ಮಣ್ಣು ಹರಡಿ, ಮಣ್ಣಿನ ತಳ ಮಾತ್ರ ಒದ್ದೆಯಾಗುವಂತೆ ನೀರಿನ ತಟ್ಟೆಯಲ್ಲಿ ಒಂದು ದಿನ ಇಡಿ. ಹುಳುಗಳು ಟಿಶ್ಯೂ ನುಸುಳಿ ನೀರಿಗೆ ಇಳಿಯುತ್ತವೆ. ಆ ನೀರಿನ ಒಂದು ಹನಿ ಬಯೋಟೆಕ್ ಲ್ಯಾಬಿನ ಮಾಮೂಲಿ ಸೂಕ್ಷ್ಮದರ್ಶಕದ ಕೆಳಗೆ ಸಾಕು, ಪಾರದರ್ಶಕ ದಾರಗಳು ಎಸ್ ಆಕಾರದಲ್ಲಿ ಈಜುವುದು ಕಾಣುತ್ತದೆ. ತಲೆಯಲ್ಲಿ ಸೂಜಿ ಇದೆಯೋ ಇಲ್ಲವೋ ಅಂತ ಹುಡುಕಿ. ಒಣಗಿಸುವುದಾದರೆ ಮಾತ್ರ ನಮ್ಮ ಬ್ಯಾಡಗಿ ಮೆಣಸಿನಕಾಯಿ ನೆನಪಿರಲಿ.

ಅಣ್ಣ ಈ ಸರದಿಗೆ ಚೆಂಡುಹೂವಿನ ಬೀಜ ತಂದಿದ್ದಾರೆ. ರಿಪೋರ್ಟ್ ಬಂದ ದಿನ ಕಾಫಿ ಅವರದ್ದಂತೆ.